ಬ್ರೋಕರ್ ಒಪ್ಪಂದ ಅವಧಿಗೆ ಮೊದಲೇ ಮುಗಿಸಬೇಕೇ?

ಮನೆ ಮಾರಿಕೊಡಿ ಎಂದು ಬ್ರೋಕರ್‌ಗೆ ಒಪ್ಪಿಸಿ ಮೂರು ತಿಂಗಳಾಯಿತು. ಮೊದಲ ಹದಿನೈದು ದಿನ ದಿನಕ್ಕೆರಡು ಫೋನು, ವಾರಕ್ಕೆ ಮೂರು ಪಾರ್ಟಿ. ಆಮೇಲೆ ಸದ್ದಿಲ್ಲ. ನೀವಾಗಿ ಫೋನ್ ಮಾಡಿದರೆ, ‘ಮಾರ್ಕೆಟ್ ಡಲ್ ಇದೆ ಸಾರ್, ರೇಟು ಸ್ವಲ್ಪ ಇಳಿಸಿದ್ರೆ ನೋಡೋಣ’ ಎಂಬ ಉತ್ತರ. ಅಷ್ಟರಲ್ಲಿ ಪಕ್ಕದ ಬೀದಿಯವರೇ ಬಂದು, ‘ನಿಮ್ಮ ಮನೆ ನಾವೇ ತಗೊಳ್ತೀವಿ’ ಅನ್ನುತ್ತಾರೆ. ಖುಷಿಪಡುವ ಹೊತ್ತಿಗೆ ಸಹಿ ಹಾಕಿದ ಕಾಗದ ನೆನಪಾಗುತ್ತದೆ. ಆರು ತಿಂಗಳು ಬೇರೆ ಯಾರ ಮೂಲಕವೂ ಮಾರುವಂತಿಲ್ಲ, ನೀವೇ ಮಾರಿದರೂ ಕಮಿಷನ್ ಕೊಡಬೇಕು ಎಂದು ಅದರಲ್ಲಿದೆ.

ನನ್ನ ಅಕ್ಕನಿಗೆ ಮೈಸೂರಿನಲ್ಲಿ ಆದದ್ದು ಇದೇ. ಭಾವ ತೀರಿಕೊಂಡ ಮೇಲೆ ಮನೆ ಮಾರಿ ಮಗಳ ಊರಿಗೆ ಹೋಗುವ ಯೋಚನೆ ಅವಳದು. ಬ್ರೋಕರ್ ಸುಮ್ಮನಾದ ಮೇಲೂ, ‘ಸಹಿ ಹಾಕಿಬಿಟ್ಟಿದ್ದೀನಲ್ಲ, ಕೇಸು ಹಾಕಿದರೆ?’ ಎಂಬ ಹೆದರಿಕೆಯಲ್ಲಿ ಆರು ತಿಂಗಳೂ ಕಾದಳು. ತಾನಾಗಿ ಬಂದ ಪಾರ್ಟಿ ಬೇರೆ ಮನೆ ಕೊಂಡುಕೊಂಡರು. ಅವಧಿ ಮುಗಿದ ಮೇಲೆ ನಾನು ಆ ಕಾಗದ ಓದಿದೆ. ಎರಡನೇ ಪುಟದ ಕೆಳಗೆ, ಹದಿನೈದು ದಿನದ ಲಿಖಿತ ನೋಟಿಸು ಕೊಟ್ಟು ಯಾವ ಪಕ್ಷದವರಾದರೂ ಒಪ್ಪಂದ ಮುಗಿಸಬಹುದು ಎಂದು ಸ್ಪಷ್ಟವಾಗಿ ಇತ್ತು. ಅಕ್ಕ ಅದನ್ನು ಓದಿರಲಿಲ್ಲ, ಬ್ರೋಕರ್ ಹೇಳಿರಲಿಲ್ಲ. ಇಂಥ ಹೆದರಿಕೆಯಲ್ಲಿ ಕಾಯುತ್ತಿರುವವರು ಇನ್ನೂ ಎಷ್ಟೋ ಜನ ಇದ್ದಾರೆ ಎಂಬ ಕಾರಣಕ್ಕೆ ಈ ಲೇಖನ.

ಕಾನೂನು ಏನನ್ನುತ್ತದೆ?

1872ರ ಭಾರತೀಯ ಕರಾರು ಕಾಯ್ದೆಯ ಹತ್ತನೇ ಅಧ್ಯಾಯ, ಅಂದರೆ 182ರಿಂದ 238ರವರೆಗಿನ ಕಲಮುಗಳು, ಒಬ್ಬರ ಪರವಾಗಿ ಇನ್ನೊಬ್ಬರು ಕೆಲಸ ಮಾಡುವ ಸಂಬಂಧದ ಬಗ್ಗೆ ಹೇಳುತ್ತವೆ. ಬ್ರೋಕರ್ ನಿಮ್ಮ ಏಜೆಂಟ್. ಅವರಿಗಿರುವ ಅಧಿಕಾರ ನೀವು ಕೊಟ್ಟದ್ದು. ಕೊಟ್ಟವರು ಹಿಂದಕ್ಕೂ ಪಡೆಯಬಹುದು ಎಂದು 201 ಮತ್ತು 203ನೇ ಕಲಮುಗಳು ಹೇಳುತ್ತವೆ. ಇಷ್ಟವಿಲ್ಲದ ಏಜೆಂಟನ್ನು ನಿಮ್ಮ ತಲೆಗೆ ಕಟ್ಟಿ ಅವಧಿ ಪೂರ್ತಿ ಹೊರಿಸುವ ಕ್ರಮ ಸಾಮಾನ್ಯವಾಗಿ ಇಲ್ಲ.

ಆದರೆ ಅಧಿಕಾರ ಹಿಂಪಡೆಯುವುದು ಬೇರೆ, ಹಣದ ಹೊಣೆ ಬೇರೆ. ಇಂತಿಷ್ಟು ಅವಧಿ ಎಂದು ಒಪ್ಪಿಕೊಂಡು, ಸಕಾರಣವಿಲ್ಲದೆ ನಡುವೆ ಬಿಡಿಸಿದರೆ 205ನೇ ಕಲಮಿನ ಪ್ರಕಾರ ಪರಿಹಾರ ಕೊಡಬೇಕಾಗುತ್ತದೆ. ಸಾಕಷ್ಟು ಮುಂಚಿತವಾಗಿ ತಿಳಿಸದೆ ಬಿಡಿಸಿ, ಅದರಿಂದ ಅವರಿಗೆ ನಷ್ಟವಾದರೆ 206ನೇ ಕಲಮಿನಂತೆ ಅದನ್ನು ತುಂಬಿಕೊಡಬೇಕಾಗುತ್ತದೆ. ಹಾಗಾಗಿ ‘ಬಿಡಿಸಬಹುದೇ?’ ಎಂಬ ಪ್ರಶ್ನೆ ಅಷ್ಟು ದೊಡ್ಡದಲ್ಲ. ‘ಬಿಡಿಸಿದರೆ ಎಷ್ಟು ಕೊಡಬೇಕಾದೀತು, ಏನೂ ಕೊಡದಂತೆ ಬಿಡಿಸುವುದು ಹೇಗೆ?’ ಎಂಬುದನ್ನೇ ನೋಡಬೇಕು. ಮುಂದೆ ಹೇಳುವ ಹೆಜ್ಜೆಗಳೆಲ್ಲ ಇದಕ್ಕಾಗಿ.

ನೀವು ಸಹಿ ಹಾಕಿದ್ದು ಯಾವ ಕಾಗದಕ್ಕೆ?

ಎಲ್ಲಕ್ಕಿಂತ ಮೊದಲು ಇದನ್ನು ಕಂಡುಕೊಳ್ಳಿ. ‘ಬ್ರೋಕರ್ ಅಗ್ರಿಮೆಂಟ್’ ಎಂಬ ಒಂದೇ ಹೆಸರಿನಲ್ಲಿ ನಮ್ಮಲ್ಲಿ ನಾಲ್ಕು ಬಗೆಯ ವ್ಯವಹಾರ ನಡೆಯುತ್ತದೆ. ಒಂದನ್ನು ಬಿಡಿಸಲು ಒಂದು ಪತ್ರ ಸಾಕು, ಇನ್ನೊಂದನ್ನು ವಕೀಲರಿಲ್ಲದೆ ಮುಟ್ಟಲೇಬಾರದು.

ಬಾಯಿಮಾತು ಅಥವಾ ವಾಟ್ಸ್ಯಾಪ್ ಒಪ್ಪಂದ: ‘ಪಾರ್ಟಿ ತನ್ನಿ, ಆದರೆ ಒಂದು ಪರ್ಸೆಂಟ್ ಕೊಡ್ತೀನಿ’ ಎಂದದ್ದಷ್ಟೇ. ಅವಧಿಯಿಲ್ಲ, ಏಕೈಕ ಬ್ರೋಕರ್ ಎಂಬ ಷರತ್ತೂ ಇಲ್ಲ. ಇದನ್ನು ಲಿಖಿತ ಸಂದೇಶ ಕಳಿಸಿಯೇ ಮುಗಿಸಬಹುದು.

ಏಕೈಕ ಬ್ರೋಕರ್ ಒಪ್ಪಂದ: ಬೆಂಗಳೂರಿನಲ್ಲಿ ‘ಎಕ್ಸ್‌ಕ್ಲೂಸಿವ್ ಮ್ಯಾಂಡೇಟ್’, ‘ಸೋಲ್ ಸೆಲ್ಲಿಂಗ್’ ಎಂದು ಕರೆಯುವುದು ಇದನ್ನೇ. ಇಷ್ಟು ತಿಂಗಳು ನಿಮ್ಮ ಆಸ್ತಿಯನ್ನು ಅವರೊಬ್ಬರೇ ಮಾರಾಟಕ್ಕೆ ಇಡುತ್ತಾರೆ. ಇದರಲ್ಲೂ ಒಂದು ವ್ಯತ್ಯಾಸವಿದೆ. ಬೇರೆ ಬ್ರೋಕರ್‌ಗೆ ಕೊಡಬಾರದು ಎಂದಷ್ಟೇ ಇದ್ದರೆ ನೀವಾಗಿ ಹುಡುಕಿದ ಪಾರ್ಟಿಗೆ ಕಮಿಷನ್ ಇಲ್ಲದೆ ಮಾರಬಹುದು. ‘ಯಾರ ಮೂಲಕ ಮಾರಿದರೂ, ಮಾಲೀಕರೇ ಮಾರಿದರೂ’ ಎಂಬ ಮಾತಿದ್ದರೆ ಮಾರಾಟ ಹೇಗೇ ಆದರೂ ಕಮಿಷನ್ ಕೇಳುತ್ತಾರೆ. ಈ ಲೇಖನ ಮುಖ್ಯವಾಗಿ ಇಂಥ ಏಕೈಕ ಬ್ರೋಕರ್ ಒಪ್ಪಂದ ಮಾಡಿಕೊಂಡವರಿಗಾಗಿ.

ಬ್ರೋಕರ್ ಹೆಸರಿಗೇ ಬರೆದ ಕ್ರಯದ ಕರಾರು: ಸೈಟು, ಹೊಲ, ತೋಟದ ವ್ಯವಹಾರಗಳಲ್ಲಿ ಇದು ತುಂಬ ಕಾಣುತ್ತದೆ. ಬ್ರೋಕರ್ ನಿಮಗೆ ಒಂದಿಷ್ಟು ಅಡ್ವಾನ್ಸ್ ಕೊಟ್ಟು ತನ್ನ ಹೆಸರಿಗೆ ಅಥವಾ ‘ನಾನು ಹೇಳಿದವರ ಹೆಸರಿಗೆ’ ಎಂದು ಅಗ್ರಿಮೆಂಟ್ ಹಾಕಿಸಿಕೊಳ್ಳುತ್ತಾರೆ. ಆಮೇಲೆ ಹೆಚ್ಚಿನ ಬೆಲೆಗೆ ಗಿರಾಕಿ ಹಿಡಿದು ನಡುವಿನ ಹಣ ಇಟ್ಟುಕೊಳ್ಳುತ್ತಾರೆ. ನೀವು ಅವರನ್ನು ಬ್ರೋಕರ್ ಎಂದುಕೊಂಡಿರುತ್ತೀರಿ. ಕಾಗದದ ಮೇಲೆ ಅವರು ಕೊಳ್ಳುವವರು. 2018ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿರ್ದಿಷ್ಟ ಪರಿಹಾರ ಕಾಯ್ದೆಯ ತಿದ್ದುಪಡಿಯ ನಂತರ, ‘ಕರಾರಿನಂತೆ ಕ್ರಯಪತ್ರ ಮಾಡಿಕೊಡಿ’ ಎಂದು ಕೋರ್ಟಿನಲ್ಲಿ ಕೇಳುವವರ ಕೈ ಮೊದಲಿಗಿಂತ ಬಲವಾಗಿದೆ. ಈ ಕರಾರನ್ನು ನೀವೊಬ್ಬರೇ ಪತ್ರ ಬರೆದು ರದ್ದು ಮಾಡಿಬಿಡಬಹುದು ಎಂದುಕೊಳ್ಳಬೇಡಿ. ಸಿವಿಲ್ ವಕೀಲರಿಗೆ ತೋರಿಸಿ.

ಜಿಪಿಎ: ಮಾರುವ ಅಧಿಕಾರ ಕೊಟ್ಟು ಬರೆದ ಮುಖ್ತ್ಯಾರನಾಮೆ. ‘ಓಡಾಟ ನಿಮಗ್ಯಾಕೆ, ಒಂದು ಜಿಪಿಎ ಕೊಟ್ಟುಬಿಡಿ’ ಎಂಬ ಮಾತಿಗೆ ಒಪ್ಪಿದವರು ಮೊದಲು ಅದನ್ನೇ ರದ್ದು ಮಾಡಿಸಬೇಕು. ಜಿಪಿಎಯಿಂದಲೇ ಆಸ್ತಿಯ ಒಡೆತನ ಕೈ ಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ, ನಿಜ. ಆದರೆ ಅದು ಜಾರಿಯಲ್ಲಿರುವ ತನಕ ಅದನ್ನು ಹಿಡಿದವರು ನಿಮ್ಮ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಬಲ್ಲರು ಎಂಬುದೂ ಅಷ್ಟೇ ನಿಜ. ನೋಂದಾಯಿಸಿದ ಜಿಪಿಎ ಆಗಿದ್ದರೆ ರದ್ದತಿ ಪತ್ರವನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಅದರ ಪ್ರತಿಯನ್ನು ಬ್ರೋಕರ್‌ಗೆ ಕಳಿಸಿ, ಆಸ್ತಿ ಇರುವ ಊರಿನಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಿ.

‘ರದ್ದು ಮಾಡಲಾಗದ’ ಎಂಬ ಪದ ಕಂಡು ಹೆದರುವವರು ಇದ್ದಾರೆ. ಏಜೆಂಟ್‌ಗೆ ಆ ಆಸ್ತಿಯಲ್ಲೇ ಸ್ವಂತ ಹಿತಾಸಕ್ತಿ ಇದ್ದರೆ ಮಾತ್ರ ಆ ಹಿತಕ್ಕೆ ಧಕ್ಕೆಯಾಗುವಂತೆ ಅಧಿಕಾರ ಹಿಂಪಡೆಯಲು ಬರುವುದಿಲ್ಲ ಎಂದು 202ನೇ ಕಲಮು ಹೇಳುತ್ತದೆ. ಮುಂದೆ ಕಮಿಷನ್ ಸಿಗಬಹುದು ಎಂಬ ನಿರೀಕ್ಷೆ ಅಂಥ ಹಿತಾಸಕ್ತಿ ಅಲ್ಲ. ಅವರಿಂದ ಹಣ ಪಡೆದು, ಅದಕ್ಕೆ ಪ್ರತಿಯಾಗಿ ಅಧಿಕಾರ ಬರೆದುಕೊಟ್ಟಿದ್ದರೆ ಮಾತು ಬೇರೆ. ಆಗ ವಕೀಲರ ಬಳಿಗೆ ಹೋಗಿ.

ಸಕಾರಣ ಎಂದರೆ ಏನು?

205ನೇ ಕಲಮಿನ ‘ಸಕಾರಣ’ ಎಂಬ ಒಂದೇ ಮಾತಿನ ಮೇಲೆ ನಿಮ್ಮ ಹಣ ನಿಂತಿದೆ. ‘ಮೂರು ತಿಂಗಳಾದರೂ ಮಾರಾಟವಾಗಲಿಲ್ಲ’ ಎಂಬುದು ಒಂಟಿಯಾಗಿ ದುರ್ಬಲ ಕಾರಣ. ಮಾರಾಟವಾಗಿಯೇ ತೀರುತ್ತದೆ ಎಂಬ ಭರವಸೆಯನ್ನು ಒಪ್ಪಂದಗಳು ಕೊಡುವುದಿಲ್ಲ. ಒಪ್ಪಿಕೊಂಡ ಕೆಲಸವನ್ನೇ ಮಾಡದಿದ್ದರೆ, ಅಂದರೆ ಜಾಹೀರಾತು ಹಾಕದೆ, ಫೋಟೊ ತೆಗೆಸದೆ, ಪಾರ್ಟಿಗಳ ವಿವರ ಕೊಡದೆ ಹೋದರೆ, ಅದು ಬಲವಾದ ಕಾರಣ.

ಅದಕ್ಕಿಂತ ಬಲವಾದವೂ ಇವೆ. ಬ್ರೋಕರ್ ನಿಮಗೆ ತಿಳಿಸದೆ ತನ್ನದೇ ಮನುಷ್ಯರ ಹೆಸರಿನಲ್ಲಿ ಕೊಳ್ಳಲು ಹೊರಟಿದ್ದರೆ 215 ಮತ್ತು 216ನೇ ಕಲಮುಗಳು ನಿಮ್ಮ ನೆರವಿಗೆ ಬರುತ್ತವೆ. ಕೊಳ್ಳುವವರಿಗೆ ಒಂದು ಬೆಲೆ, ನಿಮಗೆ ಇನ್ನೊಂದು ಬೆಲೆ ಹೇಳಿ ನಡುವಿನದನ್ನು ನುಂಗಲು ನೋಡಿದ್ದರೆ ಅದು ದುರ್ನಡತೆ. ದುರ್ನಡತೆ ತೋರಿದ ಭಾಗದ ಕೆಲಸಕ್ಕೆ ಏಜೆಂಟ್‌ಗೆ ಪ್ರತಿಫಲವಿಲ್ಲ ಎಂದು 220ನೇ ಕಲಮು ಹೇಳುತ್ತದೆ. ಟೋಕನ್ ಹಣ ತೆಗೆದುಕೊಂಡು ನಿಮಗೆ ಮುಟ್ಟಿಸದಿದ್ದರೂ, ಲೆಕ್ಕ ಕೇಳಿದರೆ ಕೊಡದಿದ್ದರೂ ಅದು ಏಜೆಂಟ್‌ನ ಕರ್ತವ್ಯಭಂಗ.

ಒಂದು ಮಾತು ಬ್ರೋಕರ್‌ಗಳ ಪರವಾಗಿಯೂ ಹೇಳಬೇಕು. ಎಷ್ಟೋ ಸಲ ಮಾರಾಟ ನಿಲ್ಲುವುದು ನಮ್ಮ ಕಡೆಯ ಕೊರತೆಯಿಂದ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆ. ಅದು ಆಗಿಲ್ಲ, ಅಣ್ಣತಮ್ಮಂದಿರ ವಿಭಾಗಪತ್ರ ನೋಂದಣಿಯಾಗಿಲ್ಲ, ಬ್ಯಾಂಕಿನ ಸಾಲ ತೀರಿಲ್ಲ ಎಂದಾದರೆ ಒಳ್ಳೆಯ ಬ್ರೋಕರ್ ತಂದ ಪಾರ್ಟಿಯೂ ಹಿಂದೆ ಸರಿಯುತ್ತಾರೆ. ಅಂಥ ಕಡೆ ಬ್ರೋಕರನ್ನು ಬದಲಿಸಿ ಫಲವಿಲ್ಲ. ಮೊದಲು ಕಾಗದಪತ್ರ ಸರಿಮಾಡಿಕೊಳ್ಳಿ.

ಬಿಡಿಸುವ ಕ್ರಮ

1. ಒಪ್ಪಂದವನ್ನು ಪೆನ್ಸಿಲ್ ಹಿಡಿದು ಓದಿ. ಐದು ಕಡೆ ಗುರುತು ಹಾಕಿ: ಅವಧಿ ಮುಗಿಯುವ ತಾರೀಖು, ನೋಟಿಸಿನ ದಿನಗಳು, ನಡುವೆ ಬಿಟ್ಟರೆ ಕೊಡಬೇಕಾದ ಮೊತ್ತ, ತಾನಾಗಿ ಮುಂದುವರಿಯುವ ಷರತ್ತು, ಮತ್ತು ಅವಧಿ ಮುಗಿದ ಮೇಲೂ ಕಮಿಷನ್ ಕೇಳುವ ಷರತ್ತು. ನಿಮ್ಮ ಬಳಿ ಪ್ರತಿ ಇಲ್ಲದಿದ್ದರೆ ಬ್ರೋಕರ್‌ಗೆ ಲಿಖಿತವಾಗಿ ಕೇಳಿ ತರಿಸಿಕೊಳ್ಳಿ. ಕೊಡದಿದ್ದರೆ ಆ ಸಂದೇಶವೇ ಮುಂದೆ ನಿಮಗೆ ದಾಖಲೆಯಾಗುತ್ತದೆ.

2. ನಡೆದದ್ದನ್ನು ತಾರೀಖುವಾರು ಬರೆದುಕೊಳ್ಳಿ. ಯಾವ ದಿನ ಯಾರು ಮನೆ ನೋಡಲು ಬಂದರು, ನೀವು ಯಾವಾಗ ಫೋನ್ ಮಾಡಿದಿರಿ, ಅವರು ಏನೆಂದರು, ಯಾವ ವೆಬ್‌ಸೈಟಿನಲ್ಲಿ ಜಾಹೀರಾತು ಇದೆ ಅಥವಾ ಇಲ್ಲ. ವಾಟ್ಸ್ಯಾಪ್ ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಡೆ ಇಟ್ಟುಕೊಳ್ಳಿ. ಎರಡು ಪುಟದ ಈ ಪಟ್ಟಿ ಇದ್ದರೆ ಮಾತುಕತೆಯಲ್ಲಿ ದನಿ ಎತ್ತುವ ಅಗತ್ಯವೇ ಬೀಳುವುದಿಲ್ಲ.

3. ಮೊದಲು ಎದುರು ಕೂತು ಮಾತಾಡಿ. ಇದನ್ನು ಬಿಟ್ಟು ನೇರ ನೋಟಿಸಿಗೆ ಹೋಗಬೇಡಿ. ಬಹುಪಾಲು ಬ್ರೋಕರ್‌ಗಳ ಜೀವನ ಬಾಯಿಂದ ಬಾಯಿಗೆ ಹಬ್ಬುವ ಒಳ್ಳೆಯ ಹೆಸರಿನ ಮೇಲೆ ನಡೆಯುತ್ತದೆ. ಅದೇ ಬಡಾವಣೆಯಲ್ಲಿ ನಾಳೆಯೂ ವ್ಯವಹಾರ ಮಾಡಬೇಕಾದವರು ಮುನಿಸಿಕೊಂಡ ಮಾಲೀಕರನ್ನು ಕಟ್ಟಿಕೊಂಡು ಕೂರಲು ಬಯಸುವುದಿಲ್ಲ. ‘ನಿಮ್ಮ ಮೇಲೆ ಬೇಜಾರಿಲ್ಲ, ಆದರೆ ಮುಂದುವರಿಸೋದು ಬೇಡ ಅನ್ಕೊಂಡಿದ್ದೀನಿ. ಇಬ್ರೂ ಒಪ್ಕೊಂಡು ಮುಗಿಸೋಣ’ ಎಂದರೆ ಅರ್ಧದಷ್ಟು ಪ್ರಕರಣ ಅಲ್ಲೇ ಮುಗಿಯುತ್ತದೆ ಎಂಬುದು ನಾನು ನೋಡಿ ತಿಳಿದದ್ದು. ಅವರು ನಿಜವಾಗಿಯೂ ಖರ್ಚು ಮಾಡಿದ್ದರೆ, ಅಂದರೆ ಪತ್ರಿಕೆ ಜಾಹೀರಾತು, ಫೋಟೊಗ್ರಾಫರ್, ಬೋರ್ಡು, ಇವುಗಳ ರಸೀದಿ ನೋಡಿ ಆ ಹಣ ಕೊಡಲು ಹಿಂಜರಿಯಬೇಡಿ. ಅದು ನ್ಯಾಯ. ವ್ಯಾಜ್ಯಕ್ಕಿಂತ ಅಗ್ಗ ಕೂಡ.

4. ಒಪ್ಪಿದರೆ ಅಲ್ಲೇ ಬರೆಸಿಕೊಳ್ಳಿ. ಬಾಯಲ್ಲಿ ‘ಆಯ್ತು ಬಿಡಿ ಸಾರ್’ ಎಂದದ್ದು ಮನೆ ಮಾರಾಟವಾದ ದಿನ ಮರೆತುಹೋಗುತ್ತದೆ. ಇಬ್ಬರೂ ಸಹಿ ಮಾಡುವ ಮುಕ್ತಾಯ ಪತ್ರದಲ್ಲಿ ಮೂರು ಮಾತು ಇರಲೇಬೇಕು: ಇಂಥ ತಾರೀಖಿನ ಒಪ್ಪಂದ ಇಂದಿಗೆ ಮುಗಿದಿದೆ, ಒಬ್ಬರಿಗೊಬ್ಬರು ಕೊಡುವುದು ಬಾಕಿ ಇಲ್ಲ (ಅಥವಾ ಬಾಕಿ ಇಷ್ಟು), ಮತ್ತು ಬ್ರೋಕರ್ ಇದುವರೆಗೆ ತೋರಿಸಿದ ಪಾರ್ಟಿಗಳು ಇಂಥವರು.

5. ಒಪ್ಪದಿದ್ದರೆ ಲಿಖಿತ ನೋಟಿಸು ಕಳಿಸಿ. ವಕೀಲರ ಮೂಲಕವೇ ಆಗಬೇಕೆಂದಿಲ್ಲ, ನೀವೇ ಬರೆಯಬಹುದು. ಒಪ್ಪಂದದಲ್ಲಿ ಹೇಳಿದ ವಿಳಾಸಕ್ಕೆ, ಹೇಳಿದ ವಿಧಾನದಲ್ಲೇ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ವಿಲೀನವಾಗಿದೆ. ಹಾಗಾಗಿ ಅಂಚೆ ಕಚೇರಿಯಲ್ಲಿ ತಲುಪಿದ್ದಕ್ಕೆ ದಾಖಲೆ ಸಿಗುವ ಸ್ಪೀಡ್ ಪೋಸ್ಟ್ ಎಂದೇ ಕೇಳಿ. ಅದರ ಜೊತೆಗೆ ಇಮೇಲ್ ಮತ್ತು ವಾಟ್ಸ್ಯಾಪ್‌ನಲ್ಲೂ ಕಳಿಸಿ. ಹಿಂಪಡೆದ ವಿಷಯ ಏಜೆಂಟ್‌ಗೆ ತಿಳಿದಾಗಲೇ ಅವರ ಮಟ್ಟಿಗೆ ಅದು ಜಾರಿಗೆ ಬರುತ್ತದೆ ಎಂದು 208ನೇ ಕಲಮು ಹೇಳುತ್ತದೆ. ನೋಟಿಸಿನ ದಿನಗಳನ್ನು ಒಪ್ಪಂದ ಹೇಳದಿದ್ದರೆ ಹದಿನೈದು ದಿನವೋ ಮೂವತ್ತು ದಿನವೋ ಕೊಟ್ಟರೆ ಆತುರಪಟ್ಟಿರಿ ಎಂಬ ಆಕ್ಷೇಪ ಬರುವುದು ಕಡಿಮೆ.

6. ಪಾರ್ಟಿಗಳಿಗೂ ತಿಳಿಸಿ. ಜನ ಬಿಟ್ಟುಬಿಡುವ ಹೆಜ್ಜೆ ಇದು. ಅದೇ 208ನೇ ಕಲಮಿನ ಇನ್ನೊಂದು ಅರ್ಧ ಹೀಗಿದೆ: ಮೂರನೆಯವರ ಮಟ್ಟಿಗೆ, ಅವರಿಗೆ ತಿಳಿದಾಗಲೇ ಅಧಿಕಾರ ಮುಗಿಯಿತು. ಬ್ರೋಕರ್‌ನ ಅಧಿಕಾರ ಹೋದದ್ದು ತಿಳಿಯದ ಪಾರ್ಟಿ ಅವರ ಕೈಗೆ ಟೋಕನ್ ಕೊಟ್ಟರೆ ಅದರ ತೊಡಕು ನಿಮ್ಮ ಬಾಗಿಲಿಗೆ ಬರಬಹುದು. ಗೇಟಿನ ಮೇಲಿನ ಬೋರ್ಡು ತೆಗೆಸಿ, ಜಾಹೀರಾತು ಅಳಿಸಲು ಹೇಳಿ, ಅಪಾರ್ಟ್‌ಮೆಂಟ್ ಆದರೆ ಸೆಕ್ಯುರಿಟಿಗೂ ಸಂಘದ ಕಚೇರಿಗೂ ತಿಳಿಸಿ, ಮನೆ ನೋಡಿ ಹೋದವರಿಗೆ ಒಂದು ಸಂದೇಶ ಕಳಿಸಿ.

7. ಕೊಟ್ಟದ್ದೆಲ್ಲ ವಾಪಸ್ ಪಡೆಯಿರಿ. ಬೀಗದ ಕೈ, ಕಾಗದಗಳ ಜೆರಾಕ್ಸ್, ಆಧಾರ್ ಪ್ರತಿ, ಸಹಿ ಮಾಡಿದ ಖಾಲಿ ಛಾಪಾ ಕಾಗದವೇನಾದರೂ ಇದ್ದರೆ ಅದು ಎಲ್ಲಕ್ಕಿಂತ ಮೊದಲು. ಪಡೆದದ್ದಕ್ಕೆ ಪಟ್ಟಿ ಮಾಡಿ ಸಹಿ ಹಾಕಿಸಿ. ಆಮೇಲೆ ಕಾವೇರಿ ಪೋರ್ಟಲ್‌ನಲ್ಲಿ ಹೊಸ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆದು ನಿಮಗೆ ತಿಳಿಯದ ಅಗ್ರಿಮೆಂಟ್ ಏನಾದರೂ ನೋಂದಣಿಯಾಗಿದೆಯೇ ನೋಡಿ.

ನೋಟಿಸು ಹೀಗಿರಲಿ

ಉದ್ದ ಬೇಡ, ಬೈಗುಳ ಬೇಡ. ಪೊಲೀಸು, ಮಾನನಷ್ಟ ಎಂಬ ಬೆದರಿಕೆಗಳೂ ಬೇಡ. ನಾಳೆ ಇದನ್ನು ಓದುವವರು ನ್ಯಾಯಾಧೀಶರು ಎಂದುಕೊಂಡೇ ಬರೆಯಿರಿ.

‘ದಿನಾಂಕ ...ರಂದು ನನ್ನ ... ವಿಳಾಸದ ಮನೆಯ ಮಾರಾಟಕ್ಕಾಗಿ ನಿಮ್ಮೊಂದಿಗೆ ಮಾಡಿಕೊಂಡ ಒಪ್ಪಂದವನ್ನು ಈ ಪತ್ರದ ಮೂಲಕ ಹಿಂಪಡೆಯುತ್ತಿದ್ದೇನೆ. ಒಪ್ಪಂದದ ... ನೇ ಷರತ್ತಿನಂತೆ ನೀವು ಜಾಹೀರಾತು ಕೊಟ್ಟು ಪ್ರತಿ ಹದಿನೈದು ದಿನಕ್ಕೊಮ್ಮೆ ವರದಿ ಮಾಡಬೇಕಿತ್ತು. ... ಮತ್ತು ... ದಿನಾಂಕಗಳಂದು ಕೇಳಿದರೂ ವರದಿ ಬಂದಿಲ್ಲ. ಈ ಪತ್ರ ತಲುಪಿದ 15 ದಿನಗಳ ನಂತರ ನನ್ನ ಪರವಾಗಿ ಯಾರೊಂದಿಗೂ ಮಾತುಕತೆ ನಡೆಸುವ, ಹಣ ಪಡೆಯುವ ಅಧಿಕಾರ ನಿಮಗೆ ಇರುವುದಿಲ್ಲ. ಇದುವರೆಗೆ ನೀವು ಮನೆ ತೋರಿಸಿದವರ ಪಟ್ಟಿ, ಪಡೆದ ಹಣವಿದ್ದರೆ ಅದರ ಲೆಕ್ಕ, ನನ್ನ ಬೀಗದ ಕೈ ಮತ್ತು ದಾಖಲೆಗಳ ಪ್ರತಿಗಳನ್ನು ಆ ಅವಧಿಯೊಳಗೆ ಹಿಂದಿರುಗಿಸಬೇಕೆಂದು ಕೋರುತ್ತೇನೆ.’

ಕೆಳಗೆ ಹೆಸರು, ಸಹಿ, ದಿನಾಂಕ. ಆಸ್ತಿ ಜಂಟಿ ಹೆಸರಿನಲ್ಲಿದ್ದರೆ ಎಲ್ಲರ ಸಹಿ. ಷರತ್ತಿನ ವಾಕ್ಯವನ್ನು ನಿಮ್ಮ ಒಪ್ಪಂದದಲ್ಲಿ ಇರುವಂತೆಯೇ ಬದಲಿಸಿಕೊಳ್ಳಿ. ಅದರಲ್ಲಿಲ್ಲದ ಕರ್ತವ್ಯವನ್ನು ಬ್ರೋಕರ್ ಮೇಲೆ ಹೊರಿಸಬೇಡಿ.

ಹಣದ ಲೆಕ್ಕ

ಬೇರೆ ಮಾತು ಒಪ್ಪಿಕೊಂಡಿರದಿದ್ದರೆ, ಒಪ್ಪಿಸಿದ ಕೆಲಸ ಪೂರ್ತಿಯಾದ ಮೇಲೆಯೇ ಏಜೆಂಟ್‌ನ ಪ್ರತಿಫಲ ಬಾಕಿಯಾಗುತ್ತದೆ ಎಂದು 219ನೇ ಕಲಮು ಹೇಳುತ್ತದೆ. ಮಾರಾಟವೇ ಆಗದಿದ್ದಾಗ ಪೂರ್ತಿ ಕಮಿಷನ್ ಕೇಳಲು ಒಪ್ಪಂದದಲ್ಲಿ ವಿಶೇಷ ಷರತ್ತು ಇರಬೇಕು.

ಇನ್ನು ‘ನಡುವೆ ಬಿಟ್ಟರೆ ಎರಡು ಲಕ್ಷ ದಂಡ’ ಎಂಬಂಥ ಬರಹ. 74ನೇ ಕಲಮಿನ ಪ್ರಕಾರ ಒಪ್ಪಂದದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಕೋರ್ಟು ಕೊಡಿಸುವುದು ಅದರೊಳಗಿನ ನ್ಯಾಯವಾದ ಪರಿಹಾರವನ್ನು. ಸುಪ್ರೀಂ ಕೋರ್ಟ್ 1963ರ ಫತೇಚಂದ್ ಪ್ರಕರಣದಲ್ಲೂ 2015ರ ಕೈಲಾಶ್‌ನಾಥ್ ಪ್ರಕರಣದಲ್ಲೂ ಇದನ್ನು ಬಿಡಿಸಿ ಹೇಳಿದೆ. ನಷ್ಟವೇ ಆಗದ ಕಡೆ ಪರಿಹಾರವೂ ಇಲ್ಲ. ಹಾಗಾಗಿ ಬರೆದ ಅಂಕಿ ನೋಡಿ ಕೂಡಲೇ ಚೆಕ್ ಬರೆದುಕೊಡಬೇಡಿ. ‘ನಿಮಗಾದ ಖರ್ಚಿನ ವಿವರ ಕೊಡಿ’ ಎಂದು ಕೇಳಿ.

ಮಾಲೀಕರು ನಿಜವಾಗಿ ಎಡವುವುದು ಅವಧಿ ಮುಗಿದ ಮೇಲಿನ ಕಮಿಷನ್ ವಿಚಾರದಲ್ಲಿ. ಬ್ರೋಕರ್ ತೋರಿಸಿದ ಪಾರ್ಟಿ ಒಪ್ಪಂದ ಮುಗಿದ ಮೂರೋ ಆರೋ ತಿಂಗಳೊಳಗೆ ಕೊಂಡರೆ ಕಮಿಷನ್ ಕೊಡಬೇಕು ಎಂಬ ಷರತ್ತು ಬಹಳ ಕಡೆ ಇರುತ್ತದೆ. ಇದು ಅನ್ಯಾಯವೇನಲ್ಲ. ಪಾರ್ಟಿ ತಂದವರನ್ನು ಕೈಬಿಟ್ಟು ಹಿಂಬಾಗಿಲಿನಿಂದ ಮಾರುವವರ ವಿರುದ್ಧ ಇರುವ ರಕ್ಷಣೆ ಅದು. ಷರತ್ತು ಇಲ್ಲದಿದ್ದರೂ, ಮಾರಾಟಕ್ಕೆ ನಿಜವಾದ ಕಾರಣರಾದ ಬ್ರೋಕರ್‌ಗೆ ಕಮಿಷನ್ ಸಲ್ಲಬೇಕು ಎಂಬುದನ್ನೇ ನ್ಯಾಯಾಲಯಗಳು ನೋಡುತ್ತವೆ. ಪಾರ್ಟಿಗಳ ಪಟ್ಟಿಯನ್ನು ಬರಹದಲ್ಲಿ ಪಡೆಯಿರಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಪಟ್ಟಿ ಇಲ್ಲದಿದ್ದರೆ ನಾಳೆ ಯಾರು ಕೊಂಡರೂ ‘ಅವರು ನಮ್ಮ ಪಾರ್ಟಿನೇ’ ಎಂಬ ಮಾತು ಬರುತ್ತದೆ.

ಪಟ್ಟಿ ಕೈಯಲ್ಲಿದ್ದರೆ ಇನ್ನೊಂದು ಉಪಯೋಗವೂ ಇದೆ. ಹೊಸ ಬ್ರೋಕರ್ ಜೊತೆ ಒಪ್ಪಂದ ಮಾಡುವಾಗ ಆ ಹೆಸರುಗಳನ್ನು ಹೊರಗಿಡಿ. ಇಲ್ಲದಿದ್ದರೆ ಎರಡು ಕಮಿಷನ್ ತೆರಬೇಕಾಗುತ್ತದೆ. 90 ಲಕ್ಷ ರೂಪಾಯಿಯ ಮನೆಗೆ ಶೇ 1ರಂತೆ 90,000 ರೂಪಾಯಿ. ಬ್ರೋಕರ್ ಜಿಎಸ್‌ಟಿ ನೋಂದಣಿ ಉಳ್ಳವರಾದರೆ ಅದರ ಮೇಲೆ ಶೇ 18, ಅಂದರೆ ಇನ್ನೂ 16,200. ಇದನ್ನೇ ಎರಡು ಸಲ ಕೊಡುವುದೆಂದರೆ ಚಿಕ್ಕ ಮಾತಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಫೋನ್ ಎತ್ತದೆ ಸುಮ್ಮನಾಗುವುದು ಮೊದಲನೆಯದು. ಬ್ರೋಕರ್ ಅದನ್ನು ಮುಕ್ತಾಯ ಎಂದು ಒಪ್ಪುವುದಿಲ್ಲ. ಒಪ್ಪಂದ ತಾನಾಗಿ ಮುಂದುವರಿಯುವ ಷರತ್ತಿದ್ದರೆ ನಿಮ್ಮ ಮೌನವೇ ಇನ್ನೂ ಆರು ತಿಂಗಳಿಗೆ ಒಪ್ಪಿಗೆಯಾಗುತ್ತದೆ.

ಹಳೆಯದನ್ನು ಮುಗಿಸದೆ ಹೊಸ ಬ್ರೋಕರ್‌ಗೆ ಸಹಿ ಹಾಕುವುದು ಎರಡನೆಯದು. ‘ಅವರನ್ನ ನಾನು ನೋಡ್ಕೋತೀನಿ, ನೀವು ಸೈನ್ ಮಾಡಿ’ ಎನ್ನುವ ಹೊಸಬರ ಮಾತು ನಂಬಬೇಡಿ. ನೋಟಿಸು ಬಂದರೆ ಅದು ಬರುವುದು ನಿಮ್ಮ ಹೆಸರಿಗೆ.

ಮೂಲ ಕ್ರಯಪತ್ರವನ್ನು ಬ್ರೋಕರ್ ಕೈಗೆ ಕೊಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ತನಗೆ ಸಲ್ಲಬೇಕಾದ ಹಣ ಬರುವವರೆಗೆ ಕೈಗೆ ಬಂದ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕನ್ನು 221ನೇ ಕಲಮು ಏಜೆಂಟ್‌ಗೆ ಕೊಡುತ್ತದೆ. ನಿಮಗೆ ಬಾಕಿಯೇ ಇಲ್ಲ ಎನಿಸಿದರೂ ಅವರಿಗೆ ಇದೆ ಎನಿಸಿದರೆ ಸಾಕು, ಕಾಗದ ಅವರ ಬೀರುವಿನಲ್ಲೇ ಉಳಿಯುತ್ತದೆ, ನಿಮ್ಮ ಮಾರಾಟ ನಿಲ್ಲುತ್ತದೆ. ಪಾರ್ಟಿಗೆ ತೋರಿಸಲು ಜೆರಾಕ್ಸ್ ಸಾಕು. ಮೂಲ ನೋಡಬೇಕೆಂದರೆ ಅವರ ವಕೀಲರು ನಿಮ್ಮ ಎದುರಿಗೇ ನೋಡಲಿ.

ಟೋಕನ್ ಆದ ಮೇಲೆ ಬಿಡಿಸಲು ಹೋಗುವುದು ಇನ್ನೊಂದು. ಬ್ರೋಕರ್ ನಿಮ್ಮ ಅಧಿಕಾರದ ಮೇರೆಗೆ ಈಗಾಗಲೇ ಮಾಡಿಬಿಟ್ಟ ಕೆಲಸದ ಮಟ್ಟಿಗೆ ಹಿಂದೆ ಸರಿಯಲು ಬರುವುದಿಲ್ಲ ಎಂದು 204ನೇ ಕಲಮು ಹೇಳುತ್ತದೆ. ಪಾರ್ಟಿಯ ಹಣ ನಿಮ್ಮ ಒಪ್ಪಿಗೆಯಿಂದ ಬಂದಿದ್ದರೆ ಈಗ ನೀವು ಮಾತಾಡಬೇಕಾದದ್ದು ಬ್ರೋಕರ್ ಜೊತೆಗಲ್ಲ, ಕೊಳ್ಳುವವರ ಜೊತೆ.

ವಿದೇಶದಲ್ಲಿರುವವರಿಗೆ

ಅಮೆರಿಕದಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದು ಊರಿನ ಆಸ್ತಿ ಮಾರಲು ಜಿಪಿಎ ಕೊಟ್ಟವರಿಗೆ ಒಂದೇ ಮಾತು: ಬ್ರೋಕರ್ ಹೆಸರಿಗೆ ಕೊಟ್ಟಿದ್ದರೆ ಕೂಡಲೇ ಹಿಂಪಡೆಯಿರಿ. ರದ್ದತಿ ಪತ್ರವನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿ. ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅಧಿಕಾರ ಕೊಡಲೇಬೇಕಿದ್ದರೆ ಒಡಹುಟ್ಟಿದವರಿಗೋ ನಂಬಿಕೆಯ ಬಂಧುವಿಗೋ, ಇಂಥ ಕೆಲಸಕ್ಕೆ ಮಾತ್ರ ಎಂದು ಮಿತಿ ಹಾಕಿ ಕೊಡಿ.

ದೂರು ಕೊಡುವುದಾದರೆ ಎಲ್ಲಿ?

ಎಲ್ಲರೂ ಮೊದಲು ಹೇಳುವ ಹೆಸರು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. ಅದು ಎಲ್ಲಕ್ಕೂ ಅಲ್ಲ. 2016ರ ರೇರಾ ಕಾಯ್ದೆಯಲ್ಲಿ ಏಜೆಂಟ್ ಎಂದರೆ ರಿಯಲ್ ಎಸ್ಟೇಟ್ ಯೋಜನೆಯೊಂದರ ಸೈಟು, ಫ್ಲ್ಯಾಟುಗಳ ವ್ಯವಹಾರ ಮಾಡಿಸುವವರು. ಬಿಲ್ಡರ್‌ನ ನೋಂದಾಯಿತ ಯೋಜನೆಯ ಫ್ಲ್ಯಾಟು ನಿಮ್ಮದಾದರೆ ಏಜೆಂಟ್ ವಿರುದ್ಧ 31ನೇ ಕಲಮಿನಂತೆ ಕರ್ನಾಟಕ ರೇರಾದಲ್ಲಿ ದೂರು ಕೊಡಬಹುದು. ನೋಂದಣಿಯಿಲ್ಲದೆ ಅಂಥ ವ್ಯವಹಾರ ಮಾಡಿಸುವ ಏಜೆಂಟ್‌ಗೆ ದಿನಕ್ಕೆ 10,000 ರೂಪಾಯಿಯಂತೆ ದಂಡವಿದೆ. ಅಜ್ಜ ಕಟ್ಟಿಸಿದ ಮನೆ, ಊರಿನ ಹೊಲಕ್ಕೆ ರೇರಾ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ.

ಅಂಥವರಿಗೆ ಇರುವುದು ಗ್ರಾಹಕ ಆಯೋಗ. ಹಣ ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. ಒಪ್ಪಂದದ ಷರತ್ತುಗಳೇ ಒಂದು ಕಡೆಗೆ ವಾಲಿದ್ದು, ನಷ್ಟಕ್ಕೆ ತಾಳಮೇಳವಿಲ್ಲದ ದಂಡ ಬರೆದಿದ್ದರೆ ಅದನ್ನು ಅನ್ಯಾಯದ ಒಪ್ಪಂದವೆಂದು ರಾಜ್ಯ ಆಯೋಗದ ಮುಂದೆ ಪ್ರಶ್ನಿಸಬಹುದು. ದಾರಿ ಗೊತ್ತಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ವಕೀಲರ ಶುಲ್ಕ ಭರಿಸಲಾಗದ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಕೇಳಬಹುದು. ಅದರ ಸಹಾಯವಾಣಿ 15100. ನನ್ನ ಅಕ್ಕನಂಥ ಹೆಣ್ಣುಮಕ್ಕಳಿಗೆ ಈ ಐದು ಅಂಕಿ ಗೊತ್ತಿರಬೇಕು.

ಹೊಸ ಬ್ರೋಕರ್‌ಗೆ ಸಹಿ ಹಾಕುವ ಮುನ್ನ

ಅವಧಿ ಮೂರು ತಿಂಗಳಿಗಿಂತ ಹೆಚ್ಚು ಬೇಡ. ಹದಿನೈದು ದಿನದ ನೋಟಿಸಿನಲ್ಲಿ ಇಬ್ಬರೂ ಹೊರಬರಬಹುದು ಎಂಬ ಸಾಲು ಇರಲಿ. ‘ಮಾಲೀಕರೇ ಮಾರಿದರೂ’ ಎಂಬ ಮಾತನ್ನು ಹೊಡೆದುಹಾಕಿಸಿ, ಪಕ್ಕದಲ್ಲಿ ಇಬ್ಬರೂ ಸಹಿ ಮಾಡಿ. ತಾನಾಗಿ ಮುಂದುವರಿಯುವ ಷರತ್ತಿಗೆ ಒಪ್ಪಬೇಡಿ. ಒಳ್ಳೆಯ ಬ್ರೋಕರ್ ಇದಕ್ಕೆಲ್ಲ ತಕರಾರು ಮಾಡುವುದಿಲ್ಲ.

ಈಗಾಗಲೇ ಸಹಿ ಹಾಕಿ ಕಾಯುತ್ತಿರುವವರು ಈ ಪುಟ ಮಡಚಿಟ್ಟು ಬೀರು ತೆರೆಯಿರಿ. ಆ ಒಪ್ಪಂದವನ್ನು ಹೊರತೆಗೆದು ಎರಡನೇ ಪುಟದ ಕೆಳಗಿನ ಸಾಲುಗಳನ್ನೂ ಓದಿ.